ಡಿಸ್ಕೋ ಯೇತಿ

ರಾತ್ರಿ ನಿದ್ದೆ ಬಾರದೆ ಸುಮ್ನೆ ರೋಲರ್ ಕೋಸ್ಟರ್ ವಿಡಿಯೋ ನೋಡುತ್ತಿದ್ದೆ. ಫ್ಲಾರಿಡಾದ ಡಿಸ್ನಿ ಅನಿಮಲ್ ಕಿಂಗ್‌ಡಮ್‌ನಲ್ಲಿರುವ ಎಕ್ಸ್‌ಪೆಡಿಷನ್ ಎವರೆಸ್ಟ್. 2006ರಲ್ಲಿ ಶುರುವಾದದ್ದು. ರೈಲು ಬೆಟ್ಟ ಹತ್ತುತ್ತದೆ, ನೋಡಿದರೆ ಮುಂದೆ ಹಳಿಯೇ ಕಿತ್ತುಹೋಗಿದೆ. ಆಮೇಲೆ ಕತ್ತಲಲ್ಲಿ ಹಿಮ್ಮುಖ ಓಟ. ಕೊನೆಗೆ ಗುಹೆಯಲ್ಲಿ ಸುಮಾರು 25 ಅಡಿ ಎತ್ತರದ ಯೇತಿ, ಅಂದರೆ ಹಿಮಮಾನವನ ಯಂತ್ರದ ಬೊಂಬೆ.

ಶುರುವಿನ ದಿನಗಳ ವಿಡಿಯೋದಲ್ಲಿ ಅದು ಕೈ ಬೀಸಿ ರೈಲನ್ನೇ ಬಾಚಲು ಬರುತ್ತದೆ. ಹಾಸಿಗೆಯಲ್ಲಿದ್ದ ನಾನೇ ತಲೆ ತಗ್ಗಿಸಿದೆ! ಈಚಿನ ವಿಡಿಯೋದಲ್ಲಿ ಆ ಕೈ ಹಾಗೇ ನಿಂತಿದೆ. ತೆರೆದ ಕೆಲವೇ ತಿಂಗಳಲ್ಲಿ ಕೆಟ್ಟಿತಂತೆ. ಅಲುಗಾಡಿದಂತೆ ಕಾಣಲಿ ಎಂದು ಪಟಪಟ ಮಿನುಗುವ ಲೈಟು ಹಾಕಿದರು. ಅಭಿಮಾನಿಗಳು ಬಿಡ್ತಾರಾ? 'ಡಿಸ್ಕೋ ಯೇತಿ' ಅಂತ ಹೆಸರಿಟ್ಟರು. ಒಂದಲ್ಲ ಒಂದು ದಿನ ಸರಿ ಮಾಡುತ್ತೇನೆ ಎಂದು 2013ರಲ್ಲಿ ಅವರಿಗೆ ಮಾತು ಕೊಟ್ಟಿದ್ದ ವಿನ್ಯಾಸಕ ಜೋ ರೋಡಿ ನಿವೃತ್ತರೂ ಆದರು.

ಚಕ್ರ, ಬ್ರೇಕು, ಹಳಿ ಗಟ್ಟಿಯಾಗಿದ್ದರೆ ಸಾಕಲ್ವಾ? ಅದಕ್ಕೆ ಮಾತ್ರ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಯೇತಿ ಕಾಣಿಸುವುದು ಒಂದೆರಡು ಸೆಕೆಂಡು, ಆದರೂ ಜನ ಬಿಡದೆ ಕೇಳುತ್ತಾರೆ. ಇದು ಜಾಸ್ತಿಯಾಯಿತು ಅನ್ನೋಣ ಅಂದರೆ, ಆ ಪಾರ್ಕಿನ ಟಿಕೆಟ್ ದರ ನೋಡಿದ ಮೇಲೆ ಬಾಯಿ ಬರಲಿಲ್ಲ.

ನಮ್ಮನೆ ಗೋಡೆ ಗಡಿಯಾರದ ಕೋಗಿಲೆಯೂ ಆರು ವರ್ಷದಿಂದ ಹೊರಗೆ ಬಂದಿಲ್ಲ. ಟೈಮು ಸರಿಯಾಗೇ ತೋರಿಸುತ್ತದೆ. ಗಂಟೆ ಹನ್ನೆರಡಾದಾಗ ಕತ್ತೆತ್ತಿ ಆ ಪುಟ್ಟ ಬಾಗಿಲನ್ನೇ ನೋಡಿದೆ.