ಸ್ವಯಂಸೇವಕರ ಖರ್ಚಿಗೆ ಅನುದಾನ ಕೇಳುವುದು

ಧಾರವಾಡ
ಡಿಸೆಂಬರ್ 5, 2025, ಶುಕ್ರವಾರ

ಇಂದು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1985ರಲ್ಲಿ ಈ ದಿನವನ್ನು ಗೊತ್ತುಪಡಿಸಿತು. ಬರುವ 2026ನೇ ಇಸವಿಯನ್ನಂತೂ ಪೂರ್ತಿಯಾಗಿ ಸ್ವಯಂಸೇವಕರಿಗೇ ಮೀಸಲಿಟ್ಟಿದೆ. ನಮ್ಮ ಟ್ರಸ್ಟಿನಲ್ಲಿ ಸಮಾರಂಭವೇನೂ ಇರಲಿಲ್ಲ. ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರೂ ನಾನೂ ಮುಂದಿನ ಆರ್ಥಿಕ ವರ್ಷಕ್ಕೆ ಕಂಪನಿಯೊಂದಕ್ಕೆ ಸಲ್ಲಿಸಬೇಕಾದ ಪ್ರಸ್ತಾವನೆಯ ಬಜೆಟ್ ಹಾಳೆಯನ್ನು ಮುಂದಿಟ್ಟುಕೊಂಡು ಸಂಜೆಯವರೆಗೂ ಕುಳಿತಿದ್ದೆವು.

ನಮ್ಮ ಸ್ವಯಂಸೇವಕರು ಸುತ್ತಲಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದಿರುವ ಕ್ಯಾನ್ಸರ್ ರೋಗಿಗಳ ಮನೆಗೆ ಇಬ್ಬಿಬ್ಬರಾಗಿ ಹೋಗಿಬರುತ್ತಾರೆ. ನರ್ಸ್ ಕಲಿಸಿಕೊಟ್ಟಂತೆ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವ ಬಗೆಯನ್ನು ಮನೆಯವರಿಗೆ ತೋರಿಸುವುದು, ನೋವಿನ ಮಾತ್ರೆ ಮುಗಿಯುವ ಮೊದಲೇ ವೈದ್ಯರಿಗೆ ತಿಳಿಸುವುದು, ಏನೂ ಮಾಡಲಾಗದ ದಿನ ಸುಮ್ಮನೆ ಪಕ್ಕದಲ್ಲಿ ಕುಳಿತು ಮಾತು ಕೇಳುವುದು ಅವರ ಕೆಲಸ. ಹಾಸಿಗೆ, ಗಾಲಿಕುರ್ಚಿ, ಔಷಧಿಗಳಿಗೆ ಹಣ ಕೇಳಿದರೆ ದಾನಿಗಳು ಕೊಡುತ್ತಾರೆ. ಅವನ್ನು ಮನೆಮನೆಗೆ ಮುಟ್ಟಿಸಿ ಬಳಸಲು ಕಲಿಸುವವರ ಖರ್ಚಿನ ಮಾತು ಬಂದಾಗ ಮಾತ್ರ ಹಿಂಜರಿಯುತ್ತಾರೆ. "ಸ್ವಯಂಸೇವಕರು ಅಂದಮೇಲೆ ಅವರಿಗೆ ಎಂಥಾ ಖರ್ಚ್ರೀ ಮೇಡಂ?" ಎಂದು ಕಂಪನಿಯೊಂದರ ಅಧಿಕಾರಿ ಹಿಂದೊಮ್ಮೆ ಕೇಳಿದ್ದರು. ಅವರು ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಆದರೆ ಆ ಪ್ರಶ್ನೆಗೆ ಹಾಳೆಯ ಮೇಲೆಯೇ ಉತ್ತರವಿರಬೇಕು ಎಂಬುದು ನನ್ನ ನಿಲುವು.

ಹಾಗಾಗಿ ಈ ಸಲ ಪ್ರತಿಯೊಂದನ್ನೂ ಬಿಡಿಸಿ ಬರೆದಿದ್ದೇವೆ. ಮೊದಲನೆಯದು ಹೆಪಟೈಟಿಸ್ ಬಿ ಲಸಿಕೆ. ರಕ್ತ, ಕೀವು ಮುಟ್ಟುವ ಕೆಲಸಕ್ಕೆ ಯಾರನ್ನೇ ಕಳುಹಿಸುವ ಮೊದಲು ಈ ಲಸಿಕೆ ಹಾಕಿಸಲೇಬೇಕು. ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅನುದಾನ ಏಪ್ರಿಲ್ ಬದಲು ಅಕ್ಟೋಬರಿನಲ್ಲಿ ಕೈಸೇರಿದರೆ ಹೊಸದಾಗಿ ಬಂದವರ ಮೂರನೇ ಡೋಸ್ ಮುಂದಿನ ವರ್ಷದ ಏಪ್ರಿಲ್‌ಗೆ ಹೋಗುತ್ತದೆ, ಅಷ್ಟರಲ್ಲಿ ಯೋಜನೆಯ ಅವಧಿಯೇ ಮುಗಿದಿರುತ್ತದೆ. ಮೊದಲ ಕಂತು ಏಪ್ರಿಲ್‌ನಲ್ಲೇ ಬೇಕೆಂದು ನಾವು ಪಟ್ಟುಹಿಡಿಯಲು ಇದೇ ಕಾರಣ, ಅದನ್ನೂ ಪ್ರಸ್ತಾವನೆಯಲ್ಲಿ ಬರೆದಿದ್ದೇವೆ. ಅಪಘಾತ ವಿಮೆಯದು ದೊಡ್ಡ ಹೊರೆಯಲ್ಲ: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ರಕ್ಷಣೆ ಸಿಗುತ್ತದೆ, ಅದು 18ರಿಂದ 70 ವರ್ಷದವರಿಗೆ ಮಾತ್ರ. ನಮ್ಮಲ್ಲಿರುವ ಒಬ್ಬಿಬ್ಬರು ನಿವೃತ್ತ ಶಿಕ್ಷಕರು ಆ ವಯಸ್ಸು ದಾಟಿದ್ದಾರೆ. ಅವರಿಗೆ ಬೇರೆ ದಾರಿ ಹುಡುಕಬೇಕು.

ಪ್ರಯಾಣದ ಖರ್ಚಿನ ಲೆಕ್ಕ 2023ರ ಜೂನ್ 11ರಿಂದ ಬದಲಾಗಿದೆ. ಶಕ್ತಿ ಯೋಜನೆ ಬಂದಮೇಲೆ ನಮ್ಮ ಮಹಿಳಾ ಸ್ವಯಂಸೇವಕರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಉಳಿಯಿತು. ಆದರೆ ಬಸ್ಸು ನಿಲ್ಲುವುದು ಊರ ಅಗಸಿಯವರೆಗೆ. ರೋಗಿಯ ಮನೆ ಹೊಲದಲ್ಲಿದ್ದರೆ ಅಲ್ಲಿಂದ ಆಟೋ ಹಿಡಿಯಬೇಕು, ಆಟೋದವರು ರಸೀದಿ ಕೊಡುವುದಿಲ್ಲ. ಅದಕ್ಕಾಗಿ ದಿನಾಂಕ, ಊರು, ಹೋದ ಇಬ್ಬರ ಸಹಿ, ಕೊಟ್ಟ ಮೊತ್ತ ಇರುವ ಒಂದು ಅಂಗೈಯಗಲದ ವೋಚರ್ ಪುಸ್ತಕವನ್ನು ಅಚ್ಚು ಹಾಕಿಸಿದ್ದೇವೆ. ಆಡಿಟರ್ ಅದನ್ನು ಒಪ್ಪಿದ್ದಾರೆ. ಪ್ರಸ್ತಾವನೆಗೆ ಅದರ ತುಂಬಿದ ಒಂದು ಪುಟವನ್ನು, ರೋಗಿಯ ಹೆಸರು ಕಾಣದಂತೆ ಮಾಡಿ, ಲಗತ್ತಿಸುತ್ತಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಮೊತ್ತ ಸಂಯೋಜಕಿಯ ಸಂಬಳ. ಯಾರು ಯಾವ ಮನೆಗೆ, ಯಾವ ದಿನ ಹೋಗಬೇಕೆಂದು ಗೊತ್ತುಮಾಡುವವರು, ಒಂದು ಸಾವಿನ ನಂತರ ಮನಸ್ಸು ಕುಗ್ಗಿದ ಸ್ವಯಂಸೇವಕಿಗೆ ಫೋನ್ ಮಾಡಿ ವಿಚಾರಿಸುವವರು ಅವರೇ. ಅವರಿಲ್ಲದಿದ್ದರೆ ಉಳಿದವರು ಆರು ತಿಂಗಳಲ್ಲಿ ಚದುರಿಹೋಗುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಈ ಸಂಬಳವನ್ನು 'ಆಡಳಿತ ವೆಚ್ಚ'ಕ್ಕೆ ತಳ್ಳಿ, 'ಕಾನೂನಿನಲ್ಲಿ ಶೇ 5ರ ಮಿತಿ ಇದೆ' ಎಂದು ಹೊಡೆದುಹಾಕುವವರಿದ್ದಾರೆ. ಕಂಪನಿಗಳ ಕಾಯ್ದೆ, 2013ರ 135ನೇ ಕಲಮಿನ ಕೆಳಗಿನ ನಿಯಮಗಳನ್ನು 2021ರ ಜನವರಿಯಲ್ಲಿ ತಿದ್ದಿದಾಗಿನಿಂದ ವಿಷಯ ಸ್ಪಷ್ಟವಾಗಿದೆ: ಶೇ 5ರ ಮಿತಿ ಇರುವುದು ಕಂಪನಿಯು ತನ್ನ ಸಿಎಸ್ಆರ್ (ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ, ಒಂದು ನಿರ್ದಿಷ್ಟ ಯೋಜನೆಯ ರೂಪುರೇಷೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಗಳಿಗೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ಸಂಯೋಜಕಿಯ ಕೆಲಸ ಅನುಷ್ಠಾನವಲ್ಲದೆ ಮತ್ತೇನು? ಆದ್ದರಿಂದ ಅವರ ಸಂಬಳವನ್ನು ಈ ಸಲ 'ಮನೆ ಭೇಟಿಯ ಅನುಷ್ಠಾನ' ಎಂಬ ತಲೆಬರಹದ ಕೆಳಗೆ, ಲಸಿಕೆ ಮತ್ತು ತರಬೇತಿಯ ಪಕ್ಕದಲ್ಲೇ ಇಟ್ಟಿದ್ದೇವೆ.

ಸ್ವಯಂಸೇವಕರಿಗೆ ತಿಂಗಳಿಗಿಷ್ಟು ಎಂದು ಗೌರವಧನ ಕೊಡೋಣವೇ ಎಂಬ ಚರ್ಚೆಯೂ ಇಂದು ಮತ್ತೆ ಎದ್ದಿತು. ನಾನು ಒಪ್ಪಲಿಲ್ಲ. ಕೈಯಿಂದ ಹೋದ ಖರ್ಚನ್ನು ಪೈಸೆ ಬಿಡದೆ ಹಿಂತಿರುಗಿಸಬೇಕು. ಸಂಬಳ ಕೊಡಬೇಕಾದ ಕೆಲಸವಿದ್ದರೆ ಸಂಬಳವನ್ನೇ ಕೊಡಬೇಕು. ಇವೆರಡರ ನಡುವಿನ ಗೌರವಧನ ಏನಾಗುತ್ತದೆ ಎಂಬುದನ್ನು ನಾವು ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಕಂಡಿದ್ದೇವೆ. ಸರ್ಕಾರದ ಕಾಗದದಲ್ಲಿ ಅವರು ಸ್ವಯಂಸೇವಕಿಯರು, ಹೊರುವುದು ಮಾತ್ರ ಪೂರ್ಣಾವಧಿಯ ಹೊಣೆ. ನಿಶ್ಚಿತ ವೇತನಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕೂರಬೇಕಾಯಿತು. ನಮ್ಮ ಪುಟ್ಟ ಸಂಸ್ಥೆಯಲ್ಲಿ ಆ ಅನ್ಯಾಯದ ಸಣ್ಣ ನಕಲೊಂದು ಹುಟ್ಟಬಾರದು.

ಬೇರೆ ಮೂಲಗಳನ್ನೂ ಒಮ್ಮೆ ಕಣ್ಣಾಡಿಸಿದೆವು. ಸಂಸದರ ನಿಧಿ ಕಟ್ಟಡದಂಥ ಬಾಳಿಕೆಯ ಆಸ್ತಿಗಳಿಗೆ. ದಿನದಿನದ ಖರ್ಚಿಗೆ ಅದು ಸಿಗದು. ವಿದೇಶಿ ನೆರವಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಮುಖ್ಯ ಚಟುವಟಿಕೆಗೆ ವೆಚ್ಚ ಮಾಡಿರಬೇಕು; ಸದ್ಯಕ್ಕೆ ಅದು ನಮ್ಮ ಅಳವಿಗೆ ಮೀರಿದ್ದು. ಉಳಿದದ್ದು ಊರಿನ ದಾನಿಗಳು. ಸುಭಾಸ ರಸ್ತೆಯ ವ್ಯಾಪಾರಸ್ಥರು ಕೇಳಿದ ತಕ್ಷಣ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ಕೊಡುತ್ತಾರೆ, ಆದರೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ದಾನಿಗೆ ಸಿಗುವ 80ಜಿ ಆದಾಯ ತೆರಿಗೆ ವಿನಾಯಿತಿ ಇಲ್ಲವೆಂದು ತಿಳಿಸಿ ಚೆಕ್ ಅಥವಾ ಯುಪಿಐ ಮೂಲಕ ಕೊಡುವಂತೆ ಕೋರಬೇಕು. ಅಂಥ ಹಣಕ್ಕೆ ಷರತ್ತು ಕಡಿಮೆ. ಕೊಟ್ಟವರೇ ಮುಂದೆ ಭಾನುವಾರ ನಮ್ಮ ಜೊತೆ ಭೇಟಿಗೆ ಬಂದದ್ದೂ ಉಂಟು.

ಕಾಗದಪತ್ರಗಳಲ್ಲಿ ಕಂಪನಿಗಳ ಸಿಎಸ್ಆರ್ ಹಣ ಪಡೆಯಲು ಬೇಕಾದ ಸಿಎಸ್ಆರ್-1 ನೋಂದಣಿ ಸಂಖ್ಯೆ, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಆದ ದರ್ಪಣ್‌ನ ಗುರುತಿನ ಸಂಖ್ಯೆ, ಮೂರು ವರ್ಷಗಳ ಆಡಿಟ್ ವರದಿ ಸಿದ್ಧವಾಗಿವೆ. ಅನೇಕ ಹಳೆಯ ಸಂಸ್ಥೆಗಳಂತೆ ನಮ್ಮ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ ಅನುಮೋದನೆಗಳ ಅವಧಿಯೂ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣದ ಅರ್ಜಿಯನ್ನು ಸೆಪ್ಟೆಂಬರ್ ಒಳಗೇ ಸಲ್ಲಿಸಿದ್ದೇವೆ. ಆದೇಶ ಬರುವವರೆಗೆ ಸ್ವೀಕೃತಿ ಪತ್ರವನ್ನೇ ಲಗತ್ತಿಸಬೇಕು. ಸೋಮವಾರ ಸಂಯೋಜಕಿ ಬಂದು ಲಸಿಕೆ ಆಗಬೇಕಾದವರ ಪಟ್ಟಿಯನ್ನು ಒಮ್ಮೆ ತಾಳೆ ನೋಡಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತೇವೆ.