ಹೊರರಾಜ್ಯದಿಂದ ಮಗುವನ್ನು ಕರೆತರುವ ದಿನ

ದತ್ತು ಬರುವ ಮಗು ಪಕ್ಕದ ತಾಲ್ಲೂಕಿನದಾಗಲಿ, ಒಡಿಶಾದ್ದಾಗಲಿ, ಕಾನೂನು ಒಂದೇ. 2015ರ ಬಾಲನ್ಯಾಯ ಕಾಯ್ದೆ, 2022ರ ದತ್ತು ನಿಯಮಾವಳಿ, ದೇಶದ ದತ್ತುಗಳನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಕಾರಾ, ಅದರ ಅದೇ ಕೇರಿಂಗ್ಸ್ ಪೋರ್ಟಲ್, ಅದೇ ಸರತಿ. ಬೇರೆಯಾಗುವುದು ದೂರ ಮಾತ್ರ. ನಮ್ಮೂರಲ್ಲೇ ಆದರೆ ಬಿಟ್ಟುಹೋದ ಒಂದು ಸಹಿಗೆ ನಾಳೆ ಬೆಳಿಗ್ಗೆ ಹೋಗಿ ಬರಬಹುದು. ಹೊರರಾಜ್ಯವಾದರೆ ಅದೇ ಸಹಿಗೆ ರಜೆ ಹಾಕಬೇಕು, ಟಿಕೆಟ್ ಮಾಡಿಸಬೇಕು, ಕೈಗೂಸನ್ನು ಹೊತ್ತು ಮತ್ತೆ ಅಷ್ಟು ದೂರ ಹೋಗಬೇಕು. ಮಗುವನ್ನು ಕೈಗೆ ಕೊಡುವ ಆ ಒಂದು ದಿನ ಏನು ಕೇಳಿಕೊಂಡಿರಿ, ಏನು ಬರೆಸಿಕೊಂಡಿರಿ ಎನ್ನುವುದರ ಮೇಲೆ ಮುಂದಿನ ತಿಂಗಳುಗಳ ನೆಮ್ಮದಿ ನಿಂತಿರುತ್ತದೆ.

ನೋಂದಣಿ ಮಾಡಿಸುವಾಗಲೇ ಯಾವ ರಾಜ್ಯದ ಮಗು ಎಂದು ಆರಿಸಲು ಅವಕಾಶವಿದೆ. ಬಹಳ ಜನ ಭಾಷೆ ನೋಡಿ ಕರ್ನಾಟಕ ಎಂದಷ್ಟೇ ಗುರುತು ಹಾಕುತ್ತಾರೆ. ಆರು ತಿಂಗಳ ಕೂಸಿಗೆ ಯಾವ ಭಾಷೆ? ಬೆಳಗಾವಿಯವರಿಗೆ ಕೊಲ್ಲಾಪುರವೂ ಬೀದರಿನವರಿಗೆ ಹೈದರಾಬಾದೂ ಬೆಂಗಳೂರಿಗಿಂತ ಹತ್ತಿರ. ಹುಟ್ಟಿದ ವಾರದಲ್ಲೇ ಮಗು ಸಿಗುತ್ತದೆ ಎಂಬ ಆಸೆ ಮಾತ್ರ ಎಲ್ಲಿ ಹೋದರೂ ಈಡೇರದು. ಹೆತ್ತವರು ತಾವಾಗಿ ಒಪ್ಪಿಸಿದ ಮಗುವಾದರೆ ಅವರಿಗೆ ಮರುಯೋಚನೆಗೆ ಎರಡು ತಿಂಗಳ ಕಾಲಾವಕಾಶ ಇರುತ್ತದೆ. ಬಿಟ್ಟುಹೋದ ಎಳೆಗೂಸಾದರೆ ಹೆತ್ತವರ ಹುಡುಕಾಟ ಮುಗಿದು, ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತುಮುಕ್ತ, ಎಂದರೆ ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲ, ಎಂದು ಘೋಷಿಸಬೇಕು. 'ಹೊರರಾಜ್ಯದ ನರ್ಸಿಂಗ್ ಹೋಮಿನಲ್ಲಿ ಈಗ ಹುಟ್ಟಿದ ಮಗುವಿದೆ, ಖರ್ಚು ಕೊಟ್ಟರೆ ಸಾಕು' ಎಂದು ಯಾರಾದರೂ ಹೇಳಿದರೆ ಅದು ದತ್ತಲ್ಲ, ಮಾರಾಟ. ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಜೈಲಿದೆ.

ಸರತಿ ಬಂದಾಗ ಪೋರ್ಟಲ್‌ನಲ್ಲಿ ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ಮೂರೂ ಕಾಣುತ್ತವೆ. ಕಾಯ್ದಿರಿಸಲು ಇರುವುದು 48 ಗಂಟೆ. ಮನೆಮಂದಿಯೆಲ್ಲ ಸೇರಿ ಫೋಟೊ ನೋಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹೋಗಲಿ, ಅದು ಸಹಜ. ಆದರೆ ಓದಬೇಕಾದದ್ದು ವೈದ್ಯಕೀಯ ವರದಿ, ಅದನ್ನು ಓದಿ ಹೇಳಬಲ್ಲ ಮಕ್ಕಳ ವೈದ್ಯರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡಿರಬೇಕು. ಇವತ್ತಿನ ತೂಕ ಒಂದರಿಂದ ಏನೂ ತಿಳಿಯುವುದಿಲ್ಲ. ಮಗು ಈಗಿರುವ ದತ್ತು ಸಂಸ್ಥೆಗೆ ಬಂದ ದಿನದಿಂದ ತಿಂಗಳು ತಿಂಗಳೂ ತೂಕ, ತಲೆಯ ಸುತ್ತಳತೆ ಹೇಗೆ ಏರಿದೆ ಎಂದು ಕೇಳಿ. ಬಿಟ್ಟುಹೋದ ಮಗುವಿನ ಹುಟ್ಟಿದ ದಿನಾಂಕ ಅಂದಾಜಿನದು, ನಾಲ್ಕಾರು ವಾರ ಹೆಚ್ಚುಕಮ್ಮಿ ಇರಬಹುದು. ದಿನ ತುಂಬದೆ ಹುಟ್ಟಿದ್ದರೆ ಬೆಳವಣಿಗೆಯನ್ನು ಆ ಲೆಕ್ಕ ಕಳೆದೇ ನೋಡಬೇಕು. ಎಚ್ಐವಿ ಆಂಟಿಬಾಡಿ ಪಾಸಿಟಿವ್ ಎಂದಿದ್ದರೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ. ತಾಯಿಯಿಂದ ಬಂದ ಆಂಟಿಬಾಡಿ ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಉಳಿದಿರಬಹುದು. ಸೋಂಕು ಇದೆಯೋ ಇಲ್ಲವೋ ಎಂದು ಹೇಳುವುದು ವೈರಸ್ಸನ್ನೇ ಹುಡುಕುವ ಡಿಎನ್ಎ ಪಿಸಿಆರ್ ಪರೀಕ್ಷೆ. ಸೋಂಕೇ ಇಲ್ಲದ ಮಕ್ಕಳನ್ನು ಈ ಒಂದು ಸಾಲಿಗೆ ಹೆದರಿ ಬಿಟ್ಟವರಿದ್ದಾರೆ.

ಕಾಯ್ದಿರಿಸಿದ ಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ನೋಡಿ, ದತ್ತು ಸಮಿತಿಯ ಮುಂದೆ ಕೂತು ಒಪ್ಪಿಗೆ ಮುಗಿಸಲು 30 ದಿನ ಇದೆ. ಸಮಿತಿಯಲ್ಲಿ ಸಂಸ್ಥೆಯವರ ಜೊತೆ ವೈದ್ಯರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ ಇರುತ್ತಾರೆ. ಮೂರು ಮಕ್ಕಳನ್ನು ತೋರಿಸಿದರೂ ಬೇಡವೆಂದವರು ಒಂದು ವರ್ಷ ಮತ್ತೆ ನೋಂದಣಿ ಮಾಡಿಸುವಂತಿಲ್ಲ.

ಹೋಗುವಾಗ ಗಂಡ ಹೆಂಡತಿ ಇಬ್ಬರೇ ಹೋಗುವುದು ಒಳ್ಳೆಯದು, ಹಿಂದಿನ ದಿನವೇ ಆ ಊರು ಸೇರಿಕೊಂಡಿರಿ. ಮೂಲ ದಾಖಲೆಗಳ ಜೊತೆ ಮೂರು ಸೆಟ್ ಜೆರಾಕ್ಸ್, ಒಂದಷ್ಟು ಪಾಸ್‌ಪೋರ್ಟ್ ಅಳತೆಯ ಫೋಟೊ ಇರಲಿ. ಪ್ರಮಾಣಪತ್ರಗಳನ್ನು ಬೆಂಗಳೂರಿನಲ್ಲೇ ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿಸಿಕೊಂಡು ಹೊರಡುವ ಮೊದಲು ಒಂದು ಫೋನ್ ಮಾಡಿ, ಅಲ್ಲಿನ ಸ್ಟ್ಯಾಂಪ್ ಪೇಪರ್, ಅಲ್ಲಿನ ನೋಟರಿ ಬೇಕೇ ಎಂದು ಕೇಳಿ.

ಕನ್ನಡಿಗರಿಗೆ ಅಲ್ಲಿ ಕಾದಿರುವ ತೊಡಕು ಇನಿಷಿಯಲ್‌ನದು. ಮಂಜುನಾಥ ಎಚ್.ಆರ್. ಎಂದರೆ ನಮಗೆ ಗೊತ್ತು: ಎಚ್ ಎಂದರೆ ಊರು, ಆರ್ ಎಂದರೆ ಅಪ್ಪ. ಉತ್ತರದ ಕಚೇರಿಯ ಗುಮಾಸ್ತರಿಗೆ ಅಡ್ಡಹೆಸರಿನ ಖಾನೆ ತುಂಬಲೇಬೇಕು. ಅವರು ಎಚ್ ಬಿಡಿಸಿ ಬರೆಯಿರಿ ಎನ್ನುತ್ತಾರೆ, ನೀವು ಹಾಸನ ಎನ್ನುತ್ತೀರಿ, ಅಲ್ಲಿಗೆ ಮಗು 'ಕುಮಾರಿ ಹಾಸನ'. ಹೆಂಡತಿಯ ಹೆಸರಿನ ಮುಂದೆ ಗಂಡನ ಹೆಸರು ತಾನಾಗಿ ಸೇರಿಕೊಳ್ಳುವುದೂ ಉಂಟು. ಆಧಾರ್, ಪ್ಯಾನ್, ಮದುವೆ ನೋಂದಣಿ ಪತ್ರ ಮೂರರಲ್ಲೂ ಇಬ್ಬರ ಹೆಸರೂ ಅಕ್ಷರ ತಪ್ಪದೆ ಒಂದೇ ಆಗಿರುವಂತೆ ನೋಂದಣಿಗೆ ಮೊದಲೇ ಸರಿಪಡಿಸಿಕೊಳ್ಳಿ. ಮಗುವಿಗೆ ಇಡುವ ಹೆಸರನ್ನು, ಇನಿಷಿಯಲ್ ಬೇಕೋ ಬೇಡವೋ ಎನ್ನುವುದನ್ನು ಕೂಡ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ. ಅರ್ಜಿಯಲ್ಲಿ ಬಿದ್ದ ಕಾಗುಣಿತವೇ ದತ್ತು ಆದೇಶಕ್ಕೆ, ಆದೇಶದ್ದೇ ಜನನ ಪ್ರಮಾಣಪತ್ರಕ್ಕೆ ಹೋಗುತ್ತದೆ.

ಹಣದ ವಿಷಯ ಸರಳ. ನಿಮ್ಮ ಮನೆಗೆ ಬಂದು ನೋಡಿ ಬರೆಯುವ ಗೃಹ ಅಧ್ಯಯನ ವರದಿಗೆ 6,000 ರೂಪಾಯಿ ಊರಲ್ಲೇ ಆಗಿಹೋಗಿರುತ್ತದೆ, ಮಗುವಿರುವ ಸಂಸ್ಥೆಗೆ 50,000. ಎರಡಕ್ಕೂ ರಸೀದಿ ಉಂಟು. ದೇಣಿಗೆ ಎಂದು ಕೇಳಿದರೆ ಕೊಡಬೇಕಾಗಿಲ್ಲ.

ಕಾಗದ ಮುಗಿದ ಮೇಲೆ ಎಲ್ಲರೂ ಹೊರಡುವ ಅವಸರದಲ್ಲಿರುತ್ತಾರೆ. ಆಗಲೇ ನಿಂತುಬಿಡಬೇಕು. ಮಗುವನ್ನು ನೋಡಿಕೊಳ್ಳುವ ಆಯಾ ಒಂದು ಸಲ ಹಾಲು ಕುಡಿಸುವುದನ್ನು, ಸಾಧ್ಯವಾದರೆ ಒಂದು ಸಲ ಮೀಯಿಸಿ ಮಲಗಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ. ಭಾಷೆ ಬರದಿದ್ದರೂ ನಡೆಯುತ್ತದೆ, ಕೈ ನೋಡಿದರೆ ಸಾಕು. ಡಬ್ಬಿಯ ಮೇಲೆ ಮೂವತ್ತು ಮಿಲಿ ನೀರಿಗೆ ಒಂದು ಸಮ ಚಮಚ ಪುಡಿ ಎಂದಿರುತ್ತದೆ. ಆಯಾ ಹಾಕುವುದು ಗೋಪುರದಂತೆ ತುಂಬಿದ ಚಮಚವೋ, ಉಳಿಸಲು ಅರ್ಧಕ್ಕೆ ತೆಗೆದದ್ದೋ? ಗಟ್ಟಿಯಾದರೆ ಮಲಬದ್ಧತೆ, ನೀರಾದರೆ ತೂಕ ಏರದು. ಮಗು ಇಷ್ಟು ದಿನ ಯಾವ ಹದದ ಹಾಲು ಕುಡಿದಿದೆ ಎಂದು ಕಣ್ಣಾರೆ ನೋಡಿದರೆ ನಿಮ್ಮ ವೈದ್ಯರಿಗೆ ಹೇಳಬಹುದು. ಬಾಟಲಿಯ ನಿಪ್ಪಲ್ಲನ್ನೂ ತಲೆಕೆಳಗೆ ಹಿಡಿದು ನೋಡಿ. ಹತ್ತಾರು ಮಕ್ಕಳಿಗೆ ಬೇಗ ಬೇಗ ಕುಡಿಸಬೇಕಾದಲ್ಲಿ ತೂತು ದೊಡ್ಡದಾಗಿರುತ್ತದೆ, ಹಾಲು ಧಾರೆಯಾಗಿ ಬೀಳುತ್ತದೆ. ಮನೆಯ ಹೊಸ ನಿಪ್ಪಲ್ಲಿನಲ್ಲಿ ತೊಟ್ಟು ತೊಟ್ಟು ಬಂದರೆ ಮಗು ರೇಗಿ ಬಾಟಲಿ ತಳ್ಳುತ್ತದೆ, ಮನೆಯವರು ಹಾಲು ಒಗ್ಗಲಿಲ್ಲ ಎಂದು ಬ್ರ್ಯಾಂಡ್ ಬದಲಿಸುತ್ತಾರೆ, ಆಮೇಲೆ ಹೊಟ್ಟೆ ನಿಜಕ್ಕೂ ಕೆಡುತ್ತದೆ. ಹಳೆಯ ಬಾಟಲಿಯನ್ನೇ ಕೇಳಿ ತನ್ನಿ.

ರಾತ್ರಿ ಪಾಳಿಯ ಆಯಾಳನ್ನೂ ಕಾಣಿ. ದೀಪ ಹಾಕಿಯೇ ಮಲಗಿಸುವ ರೂಢಿಯೇ, ಮಗ್ಗುಲಾಗಿ ಮಲಗುತ್ತದೆಯೇ, ತಟ್ಟಬೇಕೇ, ಎತ್ತಿಕೊಂಡರೆ ಎಚ್ಚರವಾಗುತ್ತದೆಯೇ ಎಂಬುದೆಲ್ಲ ವರದಿಯಲ್ಲಿ ಇರುವುದಿಲ್ಲ. ಆಯಾ ಮಗುವನ್ನು ಕರೆಯುವ ಹೆಸರನ್ನು ಅವರ ದನಿಯಲ್ಲೇ ಫೋನಿನಲ್ಲಿ ಹಿಡಿದುಕೊಳ್ಳಿ. ಮಗು ಹೊದ್ದ ಬಟ್ಟೆಯೊಂದನ್ನು ಒಗೆಯದೆ ತನ್ನಿ, ಆ ವಾಸನೆ ಒಂದು ವಾರ ಉಪಯೋಗಕ್ಕೆ ಬರುತ್ತದೆ. ಬೇರೆ ಮಕ್ಕಳು ಚೌಕಟ್ಟಿನೊಳಗೆ ಬರುವಂತೆ ಫೋಟೊ ತೆಗೆಯಬೇಡಿ. ಅವರ ಗುರುತು ಹೊರಬೀಳುವುದು ಅಪರಾಧ.

ಒಪ್ಪಿಗೆಯಾಗಿ ಹತ್ತು ದಿನದೊಳಗೆ ದತ್ತುಪೂರ್ವ ಪೋಷಣೆಯ, ಎಂದರೆ ಆದೇಶ ಬರುವವರೆಗೆ ಮಗುವನ್ನು ಸಾಕುವ, ಮುಚ್ಚಳಿಕೆಗೆ ಸಹಿ ಹಾಕಿ ಮಗುವನ್ನು ಮನೆಗೆ ತರಬಹುದು. ದತ್ತು ಆದೇಶ ಇನ್ನೂ ಬಂದಿರುವುದಿಲ್ಲ. ಎಂದರೆ ದಾರಿಯಲ್ಲಿ ಆ ಮಗು ನಿಮ್ಮದೆಂದು ಹೇಳುವುದು ಈ ಮುಚ್ಚಳಿಕೆಯ ಪ್ರತಿ, ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಮೊಹರು ಹಾಕಿದ ಪತ್ರ, ಲಸಿಕೆ ಕಾರ್ಡು, ಇಷ್ಟೇ. ಸೂಟ್‌ಕೇಸಿನ ತಳಕ್ಕೆ ಹಾಕದೆ ಹೆಗಲ ಚೀಲದಲ್ಲಿಟ್ಟುಕೊಳ್ಳಿ. ರೈಲು ನಿಲ್ದಾಣಗಳಲ್ಲಿ ಮಕ್ಕಳ ಸಾಗಣೆಯ ಮೇಲೆ ಕಣ್ಣಿಟ್ಟ ಪೊಲೀಸರು ಕೇಳಿದರೆ ಸಿಟ್ಟಾಗುವುದು ತರವಲ್ಲ, ಆ ಕಣ್ಣು ಇರಲೇಬೇಕಾದದ್ದು. ವಿಮಾನದಲ್ಲಾದರೆ ಟಿಕೆಟ್ಟಿನ ಮೇಲೆ ಕೈಯಲ್ಲಿರುವ ಕಾಗದದ ಹೆಸರನ್ನೇ ಹಾಕಿಸಿ. ನೀವಿಟ್ಟ ಹೊಸ ಹೆಸರು ಹಾಕಿಸಿ ಕೌಂಟರಿನಲ್ಲಿ ಸಂಸ್ಥೆ ಇಟ್ಟ ಹೆಸರಿನ ಕಾರ್ಡು ತೋರಿಸಿದರೆ ತಕರಾರು ಗ್ಯಾರಂಟಿ. ವಯಸ್ಸಿನ ದಾಖಲೆಯಾಗಿ ಏನನ್ನು ಒಪ್ಪುತ್ತಾರೆಂದು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ ಇಲ್ಲ. ಎಳೆಗೂಸಿಗೆ ರೈಲೇ ವಾಸಿ ಎನ್ನುತ್ತೇವೆ, ಕೆಳಗಿನ ಬರ್ತ್ ಸಿಕ್ಕರೆ. ವಿಮಾನವಾದರೆ ಏರುವಾಗ ಇಳಿಯುವಾಗ ಬಾಟಲಿ ಬಾಯಲ್ಲಿರಲಿ, ನುಂಗುತ್ತಿದ್ದರೆ ಕಿವಿ ಕಟ್ಟಿಕೊಳ್ಳುವುದು ಕಡಿಮೆ.

ಪುಡಿಯನ್ನು ಒಂದೊಂದು ಸಲಕ್ಕೆ ಆಗುವಷ್ಟು ಅಳೆದು ಒಣ ಡಬ್ಬಿಗಳಲ್ಲಿ ಹಾಕಿಟ್ಟು, ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ. ಕಲಸಿದ ಹಾಲು ಒಯ್ಯಬೇಡಿ. ಕುಡಿದು ಉಳಿದದ್ದನ್ನು ಒಂದು ಗಂಟೆಯೊಳಗೆ ಚೆಲ್ಲಿ. ಪ್ರಯಾಣದ ಹೊತ್ತಿಗೆ ಎಷ್ಟು ಬೇಕೋ ಅದರ ಎರಡರಷ್ಟಿರಲಿ, ರೈಲು ತಡವಾಗದ ದಿನ ಯಾವುದು? ಅದೇ ಬ್ರ್ಯಾಂಡಿನ ಎರಡು ಡಬ್ಬಿಯನ್ನು ಆ ಊರಲ್ಲೇ ಕೊಂಡುಬಿಡಿ, ಇಲ್ಲಿ ಸಿಗದೆ ಹೋಗಬಹುದು. ಬಟ್ಟೆಯ ಲಂಗೋಟಿಯಲ್ಲೇ ಬೆಳೆದ ಮಗುವಿಗೆ ದಿನವಿಡೀ ಡಯಾಪರ್ ಕಟ್ಟಿದರೆ ತೊಡೆ ಕೆಂಪಾಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಬದಲಿಸಿ.

ಮನೆಗೆ ಬಂದ ಮಗು ಅಳದೆ ಸುಮ್ಮನಿದ್ದರೆ 'ಎಷ್ಟು ಒಳ್ಳೆ ಮಗು' ಎಂದು ನೆಂಟರು ಕೊಂಡಾಡುತ್ತಾರೆ. ಮೊದಲ ದಿನಗಳ ಆ ಸುಮ್ಮನಿರುವಿಕೆ ಅನೇಕ ಸಲ ಗಾಬರಿಯದು. ಹೊಂದಿಕೊಂಡ ಮೇಲೆ ಅಳು ಶುರುವಾಗುತ್ತದೆ, ಅದು ಒಳ್ಳೆಯ ಲಕ್ಷಣ. ಹೆಂಗಸರ ಕೈಯಲ್ಲೇ ಬೆಳೆದದ್ದರಿಂದ ಗಂಡುದನಿಗೆ, ಗಡ್ಡಕ್ಕೆ ಬೆಚ್ಚುವ ಮಕ್ಕಳಿವೆ. ಅಪ್ಪ ಬೇಸರಪಡದೆ ಹಾಲು ಕುಡಿಸುವ ಕೆಲಸ ಹಿಡಿಯಬೇಕು. ನಾಮಕರಣದ ಗದ್ದಲಕ್ಕೆ ಕೆಲವು ವಾರ ತಡೆಯಿರಿ. ಮಕ್ಕಳ ವೈದ್ಯರಿಗೆ ಮಾತ್ರ ಎರಡು ಮೂರು ದಿನದೊಳಗೆ ತೋರಿಸಿ, ಲಸಿಕೆ ಕಾರ್ಡು ಒಯ್ಯಿರಿ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದ ಲಸಿಕೆ ಎಲ್ಲ ಜಿಲ್ಲೆಗಳಲ್ಲಿ ಕೊಡುವಂಥದ್ದಲ್ಲ, ಆ ಸಾಲು ಖಾಲಿಯಿದ್ದರೆ ಕೇಳಿ.

ಆದೇಶ ಕೊಡುವವರು ಸಂಸ್ಥೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರ್‌ಗೆ ಮೊದಲು ಇದು ನ್ಯಾಯಾಲಯದ ಕೆಲಸವಾಗಿತ್ತು. ಅರ್ಜಿ ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಚುನಾವಣೆಯೋ ವರ್ಗಾವಣೆಯೋ ಬಂದರೆ ಕಡತ ಅಲ್ಲೇ ಕೂರುತ್ತದೆ, ನೀವು ಇಲ್ಲಿ ಕೂತು ಏನೂ ಮಾಡುವಂತಿಲ್ಲ. ಅದಕ್ಕೇ ಮಗುವನ್ನು ಕೈಗೆ ಕೊಟ್ಟ ದಿನ ಅರ್ಜಿಯ ಪ್ರತಿ, ಸ್ವೀಕೃತಿ ಸಂಖ್ಯೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಡತ ನೋಡುವವರ ಫೋನ್ ನಂಬರ್ ಕೇಳಿ ತಂದಿರಬೇಕು. ಆದೇಶವಾದ ಮೇಲೆ ಜನನ ಪ್ರಮಾಣಪತ್ರವೂ ಅಲ್ಲಿಂದಲೇ, ಹೆತ್ತವರ ಜಾಗದಲ್ಲಿ ನಿಮ್ಮ ಹೆಸರಿನೊಂದಿಗೆ ಬರುತ್ತದೆ. ಅಂಚೆಗೆ ಹಾಕುವ ಮೊದಲು ಫೋಟೊ ತರಿಸಿಕೊಂಡು ಮಗುವಿನ ಹೆಸರು, ಇಬ್ಬರ ಹೆಸರು, ದಿನಾಂಕ ಆದೇಶಕ್ಕೆ ತಾಳೆಯಾಗುತ್ತವೆಯೇ ನೋಡಿ. ಬಾಲ ಆಧಾರ್ ಇದರ ಮೇಲೇ ಆಗುತ್ತದೆ. ಎರಡು ವರ್ಷ, ಆರು ತಿಂಗಳಿಗೊಮ್ಮೆ, ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಅದಕ್ಕೆ ಬರುವವರು ನಿಮ್ಮೂರ ಕಡೆಯವರೇ. ಆದೇಶದ ದೃಢೀಕೃತ ಪ್ರತಿಗಳನ್ನು ಎರಡು ಮೂರು ಹೆಚ್ಚಿಗೆ ತರಿಸಿಡಿ, ಪಾಸ್‌ಪೋರ್ಟ್ ಮಾಡಿಸುವಾಗ ಕೇಳುತ್ತಾರೆ.