ಸುಮ್ನೆ ಸುತ್ತು ಹಾಕೋ ಕಾರುಗಳಲ್ಲಿ ನೋಡೋಕೆ ಏನಿದೆ?

ಅಮೆರಿಕದ ಷಾರ್ಲೆಟ್‌ನಲ್ಲಿರುವ ನಮ್ಮ ಕನ್ನಡದವರಿಗೆ ನಾನು ಭಾನುವಾರ ನಾಸ್ಕಾರ್, ಅಂದರೆ ಇಲ್ಲಿನ ಕಾರ್ ರೇಸ್, ನೋಡುತ್ತೇನೆ ಅಂತ ಗೊತ್ತಾದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಾ ಮಾರಾಯ್ರೇ, ಮೂರು ಗಂಟೆ ಕಾರುಗಳು ಗುಂಡಗೆ ಸುತ್ತುತ್ತವೆ. ಬರೀ ಎಡಕ್ಕೆ ತಿರುಗಿಸೋದು. ಅದರಲ್ಲಿ ನೋಡೋಕೆ ಏನಿದೆ?" ಊರಿನಿಂದ ಬಂದ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ. ಅವರು ಇನ್ನೂ ಒಂದು ಸೇರಿಸುತ್ತಾರೆ: "ಪೆಟ್ರೋಲ್ ದಂಡ ಅಲ್ವಾ?"

ಪೆಟ್ರೋಲಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲಿನದಕ್ಕೆ ಇದೆ. ಟೀವಿ ಮುಂದೆ ಕೂತರೆ ಕಣ್ಣಿಗೆ ನಿಜವಾಗಿಯೂ ಜಾಸ್ತಿ ಏನೂ ಸಿಗುವುದಿಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದ ಕಾರುಗಳೆಲ್ಲ ಒಟ್ಟಿಗೇ ಹೋಗುವಾಗ ನಿಂತ ಹಾಗೇ ಕಾಣುತ್ತವೆ. ಕಾರಿನ ಒಳಗೆ ಏನು ನಡೆಯುತ್ತಿದೆ ಅಂತ ಹೇಳುವವರು ಬೇಕು. ಹೇಳುವವರು ಒಳಗೆ ಕೂತು ಓಡಿಸಿದವರಾದರೆ ಆಟವೇ ಬೇರೆ. ನನಗೆ ಆಟ ಕಲಿಸಿದ ದನಿ, ಡ್ರೈವರ್ ಆಗಿದ್ದು ಆಮೇಲೆ ಕಾಮೆಂಟೇಟರ್ ಆದ ನೆಡ್ ಜ್ಯಾರೆಟ್ ಅವರದು. ಹಳೆಯ ರೇಸುಗಳ ವಿಡಿಯೋ ಹಾಕಿಕೊಂಡು ಅವರನ್ನು ಕೇಳುತ್ತಾ ಕೇಳುತ್ತಾ ನನಗೆ ಈ ಹುಚ್ಚು ಹತ್ತಿತು.

ನೆಡ್ ಹುಟ್ಟಿದ್ದು 1932ರಲ್ಲಿ, ಇದೇ ನಾರ್ತ್ ಕ್ಯಾರೊಲೈನಾದ ನ್ಯೂಟನ್ ಹತ್ತಿರ. ಅಪ್ಪನದು ಮರ ಕೊಯ್ಯುವ ಮಿಲ್ಲು. ಕಾರು ರಿಪೇರಿ ಮಾಡು, ರೇಸ್ ಓಡಿಸಬೇಡ ಅನ್ನುವುದು ಅಪ್ಪನ ಕಟ್ಟಪ್ಪಣೆ. ಗೆಳೆಯನ ಜೊತೆ ಪಾಲಿನಲ್ಲಿ ಒಂದು ಕಾರು ಇತ್ತು. ಒಂದು ದಿನ ಗೆಳೆಯನಿಗೆ ಹುಷಾರಿಲ್ಲ ಅಂತ ನೆಡ್ ಅವನ ಹೆಸರಿನಲ್ಲೇ ಓಡಿಸಿ ಎರಡನೆಯವರಾಗಿ ಬಂದರು. ಹೀಗೇ ಕಳ್ಳತನದಲ್ಲಿ ನಡೆಯುತ್ತಿದ್ದದ್ದು ಅಪ್ಪನಿಗೆ ಗೊತ್ತಾಯಿತು. ಓಡಿಸೋದೇ ಆದರೆ ನಿನ್ನ ಹೆಸರಲ್ಲೇ ಓಡಿಸು ಅಂದರಂತೆ ಅಪ್ಪ. ಇಂಥ ಅಪ್ಪಂದಿರು ನಮ್ಮಲ್ಲೂ ಇದ್ದಾರೆ. ಮೊದಲು ಬೈಗುಳ, ಆಮೇಲೆ ಮಗನ ಹೆಸರು ಪೇಪರಿನಲ್ಲಿ ಬರಲಿ ಅನ್ನೋ ಆಸೆ.

1959ರ ಕಥೆ ಇನ್ನೂ ಚೆನ್ನಾಗಿದೆ. 2,000 ಡಾಲರ್‌ಗೆ ಒಂದು ಫೋರ್ಡ್ ರೇಸ್ ಕಾರು ಮಾರಾಟಕ್ಕಿತ್ತು. ನೆಡ್ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಬ್ಯಾಂಕ್ ಮುಚ್ಚುವ ತನಕ ಕಾದು, ಆಮೇಲೆ ಚೆಕ್ ಬರೆದು ಕಾರು ತೆಗೆದುಕೊಂಡರು. ಸೋಮವಾರ ಬ್ಯಾಂಕ್ ತೆರೆಯುವಷ್ಟರಲ್ಲಿ ದುಡ್ಡು ಹುಟ್ಟಬೇಕು. ಅದಕ್ಕೆ ವಾರದ ಕೊನೆಯ ಎರಡೂ ರೇಸ್ ಗೆಲ್ಲಬೇಕು. ಮರ್ಟಲ್ ಬೀಚ್‌ನಲ್ಲಿ ಗೆದ್ದರು, ಆದರೆ ಸ್ಟೀರಿಂಗಿಗೆ ಸುತ್ತಿದ್ದ ಟೇಪು ಅಂಗೈಯನ್ನು ಕೊಯ್ದು ಹಾಕಿತು. ಷಾರ್ಲೆಟ್‌ನ ಎರಡನೇ ರೇಸಿನಲ್ಲಿ ಆ ಕೈಯಲ್ಲಿ ಪೂರ್ತಿ ಓಡಿಸಲು ಆಗಲಿಲ್ಲ. ಜೂನಿಯರ್ ಜಾನ್ಸನ್‌ನಂಥ ಡ್ರೈವರ್ ಕೂತು ಸಹಾಯ ಮಾಡಿದ. ಗೆಲುವು ನೆಡ್ ಲೆಕ್ಕಕ್ಕೇ ಬಂತು. ಚೆಕ್ ಪಾಸಾಯಿತು.

ಮುಂದಿನ ದಾಖಲೆ ಬೇಗ ಹೇಳಿ ಮುಗಿಸುತ್ತೇನೆ. 1961 ಮತ್ತು 1965ರಲ್ಲಿ ಇಡೀ ವರ್ಷದ ನಾಸ್ಕಾರ್ ಚಾಂಪಿಯನ್. ಒಟ್ಟು 50 ಗೆಲುವು. ಮೊದಲ ಸಲ ಚಾಂಪಿಯನ್ ಆದ ವರ್ಷ ಗೆದ್ದದ್ದು ಒಂದೇ ಒಂದು ರೇಸ್, ಉಳಿದದ್ದೆಲ್ಲ ಬಿಡದೆ ಮುಂದಿನ ಸಾಲಿನಲ್ಲಿ ಮುಗಿಸಿ ಕೂಡಿಹಾಕಿದ ಪಾಯಿಂಟು. 1965ರಲ್ಲಿ ಡಾರ್ಲಿಂಗ್ಟನ್‌ನ ಸದರ್ನ್ 500 ಗೆದ್ದದ್ದು 14 ಸುತ್ತುಗಳ ಅಂತರದಲ್ಲಿ, ಅಂದರೆ ಎರಡನೆಯವನಿಗಿಂತ 30 ಕಿಲೋಮೀಟರ್ ಮುಂದೆ. ಮುಂದಿದ್ದವರ ಕಾರುಗಳು ಕೆಟ್ಟು ನಿಂತವು, ಇವರು ತಮ್ಮ ಕಾರನ್ನು ಕಾಪಾಡಿಕೊಂಡು ಬಂದರು. ಕಾರಿನ ಕಷ್ಟ ಅರಿತು ಓಡಿಸುವವರು ಅಂತ ಇದರಲ್ಲೇ ಗೊತ್ತಾಗುತ್ತದೆ. ಮುಂದೆ ಮೈಕಿನ ಹಿಂದೆ ಕೂತಾಗ ಕೆಲಸಕ್ಕೆ ಬಂದದ್ದೂ ಈ ಗುಣವೇ.

1964ರ ಮೇ ತಿಂಗಳಲ್ಲಿ ಷಾರ್ಲೆಟ್‌ನ ವರ್ಲ್ಡ್ 600 ರೇಸಿನಲ್ಲಿ ನಡೆದದ್ದನ್ನೂ ಬಿಡುವ ಹಾಗಿಲ್ಲ. ನೆಡ್ ಮತ್ತು ಜೂನಿಯರ್ ಜಾನ್ಸನ್ ಕಾರುಗಳು ಡಿಕ್ಕಿಯಾದವು. ಅದರಲ್ಲಿ ಸಿಕ್ಕಿಕೊಂಡ ಇನ್ನೊಬ್ಬ ಡ್ರೈವರ್ ಫೈರ್‌ಬಾಲ್ ರಾಬರ್ಟ್ಸ್ ಕಾರಿಗೆ ಬೆಂಕಿ ಹತ್ತಿತು. ನೆಡ್ ತಮ್ಮ ಕಾರಿನಿಂದ ಇಳಿದು ಓಡಿ ಅವನನ್ನು ಹೊರಗೆಳೆದರು. ರಾಬರ್ಟ್ಸ್ ಜುಲೈ 2ರಂದು ತೀರಿಕೊಂಡ. ಬೆಂಕಿ ತಡೆಯುವ ಉಡುಪು, ಒಡೆದು ಸೋರದ ಇಂಧನದ ಚೀಲ ಇವೆಲ್ಲ ರೇಸಿಗೆ ಬರಲು ಅಂಥ ಸಾವುಗಳೇ ಕಾರಣ. ಅಪಘಾತವಾದಾಗ ನೆಡ್ ಕಾಮೆಂಟ್ರಿಯಲ್ಲಿ ಎಂದೂ ಕಿರುಚಾಡುತ್ತಿರಲಿಲ್ಲ. ಕೇಳಿ ನೋಡಿ, ದನಿ ಇಳಿಯುತ್ತದೆ.

1966ರಲ್ಲಿ ಫೋರ್ಡ್ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ನೆಡ್ ಆ ವರ್ಷವೇ ನಿಲ್ಲಿಸಿದರು. ಆಗ ವಯಸ್ಸು 34. ಆಮೇಲೆ ಕಾಮೆಂಟೇಟರ್ ಆದದ್ದು ಯಾರೋ ಕರೆದು ಕುರ್ಚಿ ಕೊಟ್ಟರು ಅಂತ ಅಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಹೆದರುತ್ತಿದ್ದ ಮನುಷ್ಯ ಅವರು. ಡ್ರೈವರ್ ಆಗಿದ್ದಾಗಲೇ ಡೇಲ್ ಕಾರ್ನೆಗಿ ಕೋರ್ಸಿಗೆ ಸೇರಿ ಮಾತು ಕಲಿತರು. ಹಿಕರಿ ಟ್ರ್ಯಾಕ್ ನಡೆಸಿದರು, ರೇಡಿಯೋದಲ್ಲಿ ಪಳಗಿದರು. 1979ರಲ್ಲಿ ನಾಸ್ಕಾರ್‌ನ ಅತಿ ದೊಡ್ಡ ರೇಸ್ ಆದ ಡೇಟೋನಾ 500 ಮೊದಲ ಸಲ ಆರಂಭದಿಂದ ಕೊನೆಯವರೆಗೆ ಟೀವಿಯಲ್ಲಿ ನೇರ ಬಂದಾಗ ಅವರು ಸಿಬಿಎಸ್ ಚಾನೆಲ್ ಪರವಾಗಿ ಪಿಟ್‌ನಲ್ಲಿ (ಕಾರುಗಳಿಗೆ ಇಂಧನ ತುಂಬಿ ಟೈರು ಬದಲಿಸುವ ಜಾಗ) ಮೈಕ್ ಹಿಡಿದು ಓಡಾಡುತ್ತಿದ್ದರು. 1984ರಲ್ಲಿ ಅಧ್ಯಕ್ಷ ರೇಗನ್ ಡೇಟೋನಾಕ್ಕೆ ಬಂದು ರೇಡಿಯೋ ಬೂತ್‌ನಲ್ಲಿ ಕೂತಾಗ ಪಕ್ಕದಲ್ಲಿದ್ದವರು ಇವರೇ. ರೇಗನ್ ಕೂಡ ಹಿಂದೆ ರೇಡಿಯೋದಲ್ಲಿ ಆಟಗಳ ಕಾಮೆಂಟ್ರಿ ಹೇಳಿದವರು, ಹಾಗಾಗಿ ಇಬ್ಬರಿಗೂ ಮಾತಿಗೆ ಬರ ಇರಲಿಲ್ಲ.

ಈಗ ಮುಖ್ಯ ವಿಷಯ, 1993ರ ಡೇಟೋನಾ 500ರ ಕೊನೆಯ ಸುತ್ತು. ಬೂತ್‌ನಲ್ಲಿ ಕೆನ್ ಸ್ಕ್ವಯರ್, ನೀಲ್ ಬಾನೆಟ್ ಮತ್ತು ನೆಡ್. ಟ್ರ್ಯಾಕಿನಲ್ಲಿ ಮೊದಲ ಸ್ಥಾನಕ್ಕೆ ಇಬ್ಬರು ಡೇಲ್‌ಗಳು. ಒಬ್ಬ ಡೇಲ್ ಅರ್ನ್‌ಹಾರ್ಟ್, ಆ ಕಾಲದ ದೊಡ್ಡ ಹೆಸರು, ಆದರೆ ಈ ರೇಸ್ ಮಾತ್ರ ಆಗ ಇನ್ನೂ ಗೆದ್ದಿರಲಿಲ್ಲ. ಇನ್ನೊಬ್ಬ ಡೇಲ್ ಜ್ಯಾರೆಟ್, ನೆಡ್ ಅವರ ಮಗ. ಆಗ ನಿರ್ಮಾಪಕ ಕಿವಿಯ ಹೆಡ್‌ಸೆಟ್‌ನಲ್ಲಿ ಹೇಳಿದರು, ಇದು ನಿಮ್ಮದು, ಅಪ್ಪನಾಗಿಯೇ ಮಾತಾಡಿ ಅಂತ. ಉಳಿದವರು ಸುಮ್ಮನಾದರು.

ನೆಡ್ ಮಗನ ಹೆಸರು ಹಿಡಿದು ಕೂಗುತ್ತಾರೆ. ಯಾರ ಕಡೆ ನಾನಿದ್ದೇನೆ ಅಂತ ನಿಮಗೆ ಗೊತ್ತೇ ಇದೆ ಅಂತ ಹೇಳಿಯೇ ಬಿಡುತ್ತಾರೆ. ಆದರೆ ಆ ಕೂಗಿನ ಒಳಗೆ ಪಾಠವೂ ಇದೆ. ಕಾರನ್ನು ಕೆಳಗೇ ಇಟ್ಟುಕೋ, ತಿರುವಿನಲ್ಲಿ ಅವನನ್ನು ನಿನ್ನ ಒಳಗಡೆಗೆ ಬರಲು ಬಿಡಬೇಡ ಅನ್ನುತ್ತಾರೆ. ಯಾಕೆ? ಡೇಟೋನಾ ಎರಡೂವರೆ ಮೈಲಿಯ ಟ್ರ್ಯಾಕ್. ತಿರುವುಗಳು 31 ಡಿಗ್ರಿ ಓರೆ, ನಡೆದು ಹತ್ತುವುದೇ ಕಷ್ಟ. ಒಳಗಿನ ದಾರಿ ಚಿಕ್ಕದು. ಅದನ್ನು ಹಿಡಿದವನನ್ನು ದಾಟಬೇಕಾದರೆ ಹೊರಗಿನ ಉದ್ದ ದಾರಿಯಲ್ಲೇ ಹೋಗಬೇಕು. ಹೊರಗೆ ಹೋದವನಿಗೆ ಹಿಂದಿನಿಂದ ಗಾಳಿಯ ನೆರವು ಕೊಡಲು ಇನ್ನೊಂದು ಕಾರೂ ಬೇಕು. ಇಲ್ಲಿ ಒಂಟಿ ಕಾರಿಗಿಂತ ಒಂದರ ಹಿಂದೆ ಒಂದು ಅಂಟಿಕೊಂಡ ಎರಡು ಕಾರು ಜೋರಾಗಿ ಓಡುತ್ತವೆ. ಮುಂದಿನದು ಗಾಳಿ ಸೀಳುತ್ತದೆ, ಹಿಂದಿನದು ಮುಂದಿನದರ ಹಿಂಬದಿಯ ಎಳೆತ ತಗ್ಗಿಸುತ್ತದೆ. ಅವತ್ತು ಮಗ ಡೇಲ್ ಹಿಂದೆ ಜೆಫ್ ಬೋಡೈನ್ ಇದ್ದ. ಅರ್ನ್‌ಹಾರ್ಟ್‌ಗೆ ಆ ಹೊತ್ತಿಗೆ ಬೆನ್ನಿಗೆ ಯಾರೂ ಸಿಗಲಿಲ್ಲ. ಇಷ್ಟು ತಿಳಿದು ಆ ಸುತ್ತು ಇನ್ನೊಮ್ಮೆ ನೋಡಿ. ಗುಂಡಗೆ ಸುತ್ತುವ ಕಾರುಗಳ ಬದಲು ಜೊತೆಗಾರನಿಗಾಗಿ ಪರದಾಡುವ ಡ್ರೈವರ್‌ಗಳು ಕಾಣುತ್ತಾರೆ.

ಮಗ ಗೆದ್ದ. ಅವನು ಓಡಿಸುತ್ತಿದ್ದ ಜೋ ಗಿಬ್ಸ್ ತಂಡಕ್ಕೂ ಅದೇ ಮೊದಲ ಗೆಲುವು. ತಾಯಿ ಮಾರ್ಥಾ ವ್ಯಾನಿನಲ್ಲಿ ಕೂತು ನೋಡುತ್ತಿದ್ದದ್ದನ್ನು ಕ್ಯಾಮೆರಾ ಹಿಡಿದಿತ್ತು.

ಇಲ್ಲಿ ಕೆಲವರು ಕೇಳುತ್ತಾರೆ, ಇದು ಪಕ್ಷಪಾತ ಅಲ್ವಾ? ಹೌದು, ಪಕ್ಷಪಾತವೇ. ನಮ್ಮ ಕ್ರಿಕೆಟ್ ಕಾಮೆಂಟ್ರಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ಬೈಯುತ್ತೇನೆ. ಇವರಿಗೆ ರಿಯಾಯಿತಿ ಕೊಡುವುದು ಯಾಕೆಂದರೆ, ಅದಕ್ಕೆ ಮುಂಚೆ ಅಷ್ಟು ವರ್ಷ ಮಗ ಓಡಿಸುವ ರೇಸುಗಳಿಗೇ ಮಾತಾಡಿಯೂ ಯಾರನ್ನೂ ಎತ್ತಿಕಟ್ಟದೆ ಇದ್ದವರು. ಅಲ್ಲದೆ ಆಮೇಲೆ ಅರ್ನ್‌ಹಾರ್ಟ್ ಹತ್ತಿರ ಹೋಗಿ ಕ್ಷಮೆ ಕೇಳಿದರು. ನಾನೂ ಒಬ್ಬ ಅಪ್ಪನೇ ಅಂದನಂತೆ ಅರ್ನ್‌ಹಾರ್ಟ್. 1996ರಲ್ಲೂ ಅದೇ ಟ್ರ್ಯಾಕಿನಲ್ಲಿ ಅದೇ ಅರ್ನ್‌ಹಾರ್ಟ್‌ನನ್ನು ಮಗ ಸೋಲಿಸಿದ. ಆಗಲೂ ನೆಡ್ ಬೂತ್‌ನಲ್ಲೇ ಇದ್ದರು. ಮಗ 1999ರಲ್ಲಿ ಚಾಂಪಿಯನ್ ಆದ, ಓಡಿಸುವುದು ಬಿಟ್ಟ ಮೇಲೆ ತಾನೂ ಕಾಮೆಂಟ್ರಿಗೆ ಬಂದ.

ಹಾಗಂತ ಡ್ರೈವರ್ ಆಗಿದ್ದವರೆಲ್ಲ ಚೆನ್ನಾಗಿ ಮಾತಾಡುತ್ತಾರೆ ಅಂತಿಲ್ಲ. 84 ರೇಸ್ ಗೆದ್ದು ಆಮೇಲೆ ಟೀವಿ ಕಾಮೆಂಟೇಟರ್ ಆದ ಡ್ಯಾರೆಲ್ ವಾಲ್ಟ್ರಿಪ್ ದನಿಗೆ ಅಭಿಮಾನಿಗಳು ತುಂಬಾ. ನನಗೆ ಆ ಗದ್ದಲ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಆದರೆ 2001ರ ಡೇಟೋನಾದಲ್ಲಿ ಆತನ ತಮ್ಮ ಮೈಕಲ್ ಗೆದ್ದಾಗ, ಅದೇ ಕೊನೆಯ ಸುತ್ತಿನಲ್ಲಿ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಸತ್ತ. ತಮ್ಮನ ಗೆಲುವಿಗೆ ಕುಣಿಯುತ್ತಿದ್ದ ಡ್ಯಾರೆಲ್, ಡೇಲ್‌ಗೆ ಏನೂ ಆಗದಿದ್ದರೆ ಸಾಕು ಅಂದ ಗಳಿಗೆ ಓಡಿಸಿ ಗೊತ್ತಿರುವವನಿಂದ ಮಾತ್ರ ಬರುವಂಥದ್ದು. ಆ ಡಿಕ್ಕಿ ಟೀವಿಯಲ್ಲಿ ಅಂಥ ಭಯಂಕರವಾಗಿ ಕಾಣುವುದೇ ಇಲ್ಲ.

ಇಷ್ಟೆಲ್ಲ ಕೇಳಿಯೂ ಆಸಕ್ತಿ ಉಳಿದಿದ್ದರೆ, ಮೂರು ಗಂಟೆಯ ರೇಸಿನಿಂದ ಶುರು ಮಾಡಬೇಡಿ. 1993ರ ಕೊನೆಯ ಎರಡು ಸುತ್ತು ಕೇಳಿ. ಆಮೇಲೆ ಒಂದು ಶನಿವಾರ ಸಂಜೆ ಹಿಕರಿಗೆ ಬನ್ನಿ. ನೆಡ್ ಓಡಿಸಲು ಕಲಿತ ಆ ಟ್ರ್ಯಾಕ್ ಷಾರ್ಲೆಟ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಅರ್ಧ ಮೈಲಿಗೂ ಚಿಕ್ಕದು. ಅವರ ಕಾಲದಲ್ಲಿ ಮಣ್ಣಿನದು, ಈಗ ಡಾಂಬರು. ಇಯರ್‌ಪ್ಲಗ್ ಮರೆಯಬೇಡಿ. ಮಕ್ಕಳನ್ನು ಕರೆದುಕೊಂಡು ಬಂದರೆ ಕಿವಿ ಪೂರ್ತಿ ಮುಚ್ಚುವ ದೊಡ್ಡದೇ ಬೇಕು, ಹತ್ತಿ ಸಾಲದು.